ಮಣಿ ದಾಟದ ಗೆರೆ

ಸುವರ್ಣಭೂಮಿ, ಇಳಿದ ಗಳಿಗೆ

ಒಂದು ಕಿಲೋ ಸುಣ್ಣದ ಪುಡಿ ಹೊತ್ತುಕೊಂಡು ಪರದೇಶಕ್ಕೆ ಹೋಗಿ ಸಿಕ್ಕಿಬಿದ್ದವಳು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಹೆಸರು ಕೇಳಿ ನಮ್ಮವರೇ ಯಾರೋ ಇಟ್ಟಿರಬೇಕೆಂದು ಖುಷಿಯಾಗಿತ್ತು. ಪೆಟ್ಟಿಗೆ ತೆಗೆಸುವವರೆಗೆ ಆ ಖುಷಿ ಇತ್ತು. ಕೈಗವಸು ಹಾಕಿದ ಹುಡುಗಿಯೊಬ್ಬಳು ನನ್ನ ಸೀರೆಗಳ ನಡುವಿನಿಂದ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಬಿಳಿ ಪೊಟ್ಟಣ ಎತ್ತಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಹಿಂದೆ ನಿಂತಿದ್ದವರೆಲ್ಲ ಎರಡೆರಡು ಹೆಜ್ಜೆ ಹಿಂದಕ್ಕೆ ಹೋದರು.

ನನಗೆ ಅವರ ಭಾಷೆ ಬರದು, ಇಂಗ್ಲಿಷು ಅಷ್ಟಕ್ಕಷ್ಟೆ. ಕಾಗದ ಕೇಳಿ ಇಸಿದುಕೊಂಡು ಒಂದು ರೇಷ್ಮೆ ಹುಳ ಬರೆದೆ. ಹಿಪ್ಪುನೇರಳೆ ಎಲೆ ಬರೆದೆ. ಮೇಲಿನಿಂದ ಪುಡಿ ಉದುರಿಸುವ ಕೈ ಬರೆದೆ, ಕೈಗೆ ಬಳೆಯನ್ನೂ ಹಾಕಿದೆ. ಅವಳು ನೋಡಿ ನಕ್ಕು ಒಬ್ಬ ದಪ್ಪ ಆಸಾಮಿಯನ್ನು ಕರೆದಳು. ಅವನು ಚಿತ್ರ ನೋಡಿದ, ಪುಡಿಗೆ ಏನೋ ಹನಿ ಹಾಕಿ ಪರೀಕ್ಷೆ ಮಾಡಿದ, ಕೊನೆಗೆ ಎದೆ ಮುಟ್ಟಿಕೊಂಡು 'ಮದರ್, ಮದರ್' ಎಂದು ಹುಳ ತೋರಿಸಿದ. ಅವನ ತಾಯಿಯೂ ಹುಳ ಸಾಕುವವಳೇ ಅಂತೆ. ಪೊಟ್ಟಣಗಳನ್ನು ತಾನೇ ಜೋಪಾನವಾಗಿ ಪೆಟ್ಟಿಗೆಗೆ ತುಂಬಿ ಕೈಮುಗಿದು ಕಳಿಸಿದ.

ನನ್ನ ತಮ್ಮ ನಾಣಿ ತರಲು ಹೇಳಿದ್ದು ಆ ಸುಣ್ಣವನ್ನಷ್ಟೇ. 'ಉಪ್ಪಿನಕಾಯಿ ಬ್ಯಾಡ, ಚಟ್ನಿಪುಡಿ ಬ್ಯಾಡ ಅಕ್ಕ. ನಿಮ್ಮ ಹುಳಮನೆ ಸುಣ್ಣ ಒಂದು ಕಿಲೋ ತಗೊಂಬಾ ಸಾಕು' ಅಂದಿದ್ದ. ಸುಣ್ಣ ಆ ದೇಶದಲ್ಲಿ ಸಿಗುವುದಿಲ್ಲವೇ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ನಾನು ಯಾರೆಂದು ಹೇಳದೆ ಸುಣ್ಣದ ಕಥೆ ಹೇಳಿದರೆ ತಲೆಬುಡ ತಿಳಿಯುವುದಿಲ್ಲ. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನನ್ನದೊಂದು ಚಾಕಿ ಕೇಂದ್ರ ಇದೆ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡು ಜ್ವರ ದಾಟಿಸಿ ರೈತರಿಗೆ ಕೊಡುವ ಕೆಲಸ. ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳದ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ಹುಳಮನೆಯ ಹೊಸ್ತಿಲಾಚೆ ಅದೇ ಸುಣ್ಣದಲ್ಲಿ ಅಂಗೈ ಅಗಲದ ಗೆರೆ ಹಾಕುತ್ತೇವೆ, ರೋಗ ಹೊರಗೇ ಇರಲಿ ಎಂದು. ಕಾಲು ತೊಳೆಯದೆ ಆ ಗೆರೆ ದಾಟಿದವರು ಬೀಗರಾದರೂ ಸರಿ, ಎಂಎಲ್‌ಎ ಆದರೂ ಸರಿ, ನನ್ನ ಬಾಯಿಂದ ತಪ್ಪಿಸಿಕೊಂಡಿಲ್ಲ.

ಯಾರೂ ಹೇಳಿಕೊಡದೆಯೇ ಆ ಗೆರೆ ದಾಟದೆ ಇದ್ದವನು ಮಣಿ. ನಮ್ಮ ಹುಳಮನೆಯ ಹಿಂದೆ ಹುಟ್ಟಿದ ಕರಿ ನಾಯಿ. ಗೆರೆಯ ಆಚೆ ಕೂತು, ಬಲಗಾಲ ಮೇಲೆ ಎಡಗಾಲು ಹಾಕಿಕೊಂಡು, ಒಳಗೇ ನೋಡುತ್ತಿರುತ್ತಿದ್ದ. 'ದಾ ಮಣಿ' ಎಂದು ಕರೆದರೆ ಎದ್ದು ಬಂದು ಮೂಗನ್ನು ಗೆರೆಯ ತನಕ ತಂದು ನಿಲ್ಲುತ್ತಿದ್ದ. ನಮ್ಮ ಊರಿನಲ್ಲಿ ಮನುಷ್ಯರನ್ನು ಕನ್ನಡದಲ್ಲಿ, ದನ ನಾಯಿಗಳನ್ನು ತೆಲುಗಿನಲ್ಲಿ ಕರೆಯುವುದು ರೂಢಿ.

ನಮ್ಮ ತವರು ಗೌರಿಬಿದನೂರು. ನಾಣಿ ನೂಲು ಬಿಚ್ಚುವ ಕೆಲಸ ಕಲಿಯಲು ಶಿಡ್ಲಘಟ್ಟಕ್ಕೆ ಬಂದು ನನ್ನ ಮನೆಯಲ್ಲೇ ಉಳಿದಿದ್ದ. ಅಲ್ಲಿಂದ ಥಾಯ್ಲೆಂಡಿನ ಒಂದು ರೇಷ್ಮೆ ಮಿಲ್ಲಿಗೆ ಮೇಸ್ತ್ರಿಯಾಗಿ ಹೋದ. ಹೋಗುವಾಗ ಕಾಗದಪತ್ರ ಮಾಡಿಸಿ ಮಣಿಯನ್ನೂ ಕರೆದುಕೊಂಡು ಹೋದ. ಹದಿನಾಲ್ಕು ವರ್ಷದ ಹಿಂದಿನ ಮಾತು. ಅಲ್ಲೇ ದಾವ್ ಎನ್ನುವ ಹುಡುಗಿಯನ್ನು ಮದುವೆಯಾದ. ಪ್ರತಿ ಭಾನುವಾರ ಫೋನು. ಪ್ರತಿ ಭಾನುವಾರವೂ ನಾನು 'ಮಣಿ ಹೆಂಗವ್ನೆ?' ಅನ್ನುವುದು, ಅವನು 'ಚೆನ್ನಾಗವ್ನೆ ಅಕ್ಕ' ಅನ್ನುವುದು.

ಹೋದ ಮಾಘದಲ್ಲಿ ಒಂದು ಮಂಗಳವಾರ ದಾವ್ ಫೋನ್ ಮಾಡಿದಳು. 'ಅಕ್ಕ, ಮಣಿ ಸತ್ತು ಹತ್ತು ತಿಂಗ್ಳಾಯ್ತು' ಅಂದಳು.

ಹಿಂದಿನ ಭಾನುವಾರವಷ್ಟೇ ನಾಣಿ 'ಚೆನ್ನಾಗವ್ನೆ' ಅಂದಿದ್ದ. ಕೈಯಲ್ಲಿದ್ದ ಸೊಪ್ಪಿನ ಚಾಕು ಕೆಳಗಿಟ್ಟುಬಿಟ್ಟೆ. ನಮ್ಮಮ್ಮ ಒಂದು ಮಾತು ಹೇಳುತ್ತಿದ್ದಳು: ಸಾವಿನ ಸುದ್ದಿ ತಂದವರನ್ನು 'ಗೊತ್ತಾಯ್ತು ಬಿಡು' ಎಂದು ಬಾಯಿ ಮುಚ್ಚಿಸಬಾರದು, ಗೊತ್ತಿದ್ದರೂ 'ಯಾವಾಗಪ್ಪಾ' ಎಂದು ಕೇಳಬೇಕು, ಹೇಳುವವರ ಎದೆ ಹಗುರಾಗಬೇಕು. ದಾವ್‌ಗೂ ಹಾಗೇ ಕೇಳಿದೆ. ಅವಳು ಎಲ್ಲ ಹೇಳಿ ಕೊನೆಗೆ ಅಂದಳು: 'ಮಣಿ ಮೈಯಿಂದ ತೆಗೆದಿಟ್ಟಿದ್ದು ಆಸ್ಪತ್ರೇಲಿ ಒಂದು ಸೀಸೆ ಉಳ್ದೈತೆ. ನಮ್ಮಮ್ಮನ ನಾಯಿಗೆ ಬೇಕು. ಇವ್ರು ಕೊಡಲ್ಲ ಅಂತಾರೆ. ಕೊಡ್ದಿದ್ರೆ ನಾನು ಅಮ್ಮನ ಮನೇಗೆ ಹೋಗ್ಬಿಡ್ತೀನಿ, ವಾಪಸ್ ಬರಲ್ಲ. ನೀನು ಬಾ ಅಕ್ಕ.'

ಚಿಕ್ಕಬಳ್ಳಾಪುರದ ನೆಂಟರೊಬ್ಬರು ಓಡಾಡಿ ಪಾಸ್‌ಪೋರ್ಟ್ ಮಾಡಿಸಿಕೊಟ್ಟರು. ಚಾಕಿ ಕೇಂದ್ರವನ್ನು ಓರಗಿತ್ತಿಯ ಕೈಗೆ ಕೊಟ್ಟು ಹೊರಟೆ.

ಕೋರಾತಿನ ಬಸ್ಸು

ನಿಲ್ದಾಣಕ್ಕೆ ಬಂದವಳು ದಾವ್ ಒಬ್ಬಳೇ. ಅವಳ ಕನ್ನಡ ಪೂರ್ತಿ ನಾಣಿಯ ಕನ್ನಡ. ಅವನು ಕಲಿಸಿದ್ದಷ್ಟೇ ಅವಳಿಗೆ ಬರುವುದು. ಬಹುವಚನ ಗಂಡನಿಗೆ ಮಾತ್ರ, ನನಗೆ ಏಕವಚನ. ಬಸ್ಸು ತಡವಾದಾಗ 'ಆಯ್ತು ಬಿಡಕ್ಕ ಅತ್ಲಾಗೆ' ಅಂದಳು. ಚಪ್ಪಟೆ ಮೂಗಿನ, ಬೆಳ್ಳನೆಯ ಪರದೇಶದ ಹೆಂಗಸಿನ ಬಾಯಲ್ಲಿ ನಮ್ಮ ಸಂತೆ ಬೀದಿಯ ಮಾತು ಕೇಳಿ ನಾನು ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾಣಿ ಇರುವ ಕೋರಾತ್ ಅವರ ದೇಶದ ಈಶಾನ್ಯದ ಊರು. ಬಸ್ಸು ಆಸ್ಪತ್ರೆಯ ಹಾಗೆ ತಣ್ಣಗಿತ್ತು. ಚಿಂತಾಮಣಿ ಬಸ್ಸಿನಲ್ಲಿ ಮೂರು ಭಾಷೆಯಲ್ಲಿ ಜಗಳ ಕೇಳಿಕೊಂಡು ಬರುವವಳಿಗೆ ಈ ನಿಶ್ಶಬ್ದದಿಂದ ಭಯವಾಯಿತು. ದಾರಿಯಲ್ಲಿ ಪ್ರತಿ ಮನೆಯ ಮುಂದೆ ಕಂಬದ ಮೇಲೊಂದು ಪುಟ್ಟ ಮನೆ, ಅದರೊಳಗೆ ಪುಟ್ಟ ಗೊಂಬೆಗಳು, ಮುಂದೆ ಸ್ಟ್ರಾ ಹಾಕಿಟ್ಟ ಕೆಂಪು ಸೋಡಾ ಬಾಟಲಿ. ಆ ಜಾಗದ ಭೂತಕ್ಕೆ ಅಂತೆ. ನಮ್ಮೂರ ಮುನೇಶ್ವರನಿಗೆ ಬೀಡಿ ಇಡುತ್ತೇವೆ, ಆದರೆ ಮನೆ ಕಟ್ಟಿ, ಏಣಿ ಹಾಕಿ, ಸೋಡಾ ಕೊಟ್ಟು ಪಕ್ಕದಲ್ಲೇ ಇಟ್ಟುಕೊಳ್ಳುವುದಿಲ್ಲ. ಹೋದವರನ್ನು ಈ ಜನ ದೂರ ಕಳಿಸುವುದಿಲ್ಲ ಅನ್ನಿಸಿತು.

ನಡುವೆ ಬಸ್ಸು ನಿಂತಾಗ ದಾವ್ ಒಂದು ಪೊಟ್ಟಣ ಕೊಟ್ಟಳು. ಹುರಿದ ಕಡಲೆಬೀಜ ಎಂದುಕೊಂಡು ಬಾಯಿಗೆ ಹಾಕಿದೆ. ಎರಡನೆಯದಕ್ಕೆ ಗೊತ್ತಾಯಿತು. ಗೂಡಿನೊಳಗಿನ ಹುಳ! ನಮ್ಮ ಕಡೆ ನೂಲು ಬಿಚ್ಚಿದ ಮೇಲೆ ಕೋಳಿ ಮೀನಿನ ಮೇವಿಗೆ ಹೋಗುವ ಅದೇ ಕಂದು ಹುಳ. ಇಷ್ಟು ವರ್ಷ ಕೈಯಾರೆ ಸಾಕಿದ್ದನ್ನು ಅಗಿದುಬಿಟ್ಟೆನಲ್ಲ ಎಂದು ಬಸ್ಸಿನ ಹಿಂದೆ ಹೋಗಿ ಉಗಿದು ಬಂದೆ. ದಾವ್ ಅತ್ತ ತಿರುಗಿ ನಗುತ್ತಿದ್ದಳು. ಆ ಪ್ರಯಾಣದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಉಳಿದ ದಾರಿಯಲ್ಲಿ ವಿಷಯ ಬಿಡಿಸಿ ಹೇಳಿದಳು. ನಾಲ್ಕು ವರ್ಷದ ಹಿಂದೆ ಮಣಿಯ ಮಂಡಿ ಹಿಡಿದು ನಡೆಯಲಾರದೆ ಹೋದಾಗ ಪ್ರಾಣಿಗಳ ಆಸ್ಪತ್ರೆಯವರು ಅವನ ಹೊಟ್ಟೆಯಿಂದ ನೆಲ್ಲಿಕಾಯಿಯಷ್ಟು ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್ ಬೇರ್ಪಡಿಸಿದರು. ಪೇಪರಿನವರು ಆಕರ ಕೋಶ ಎಂದು ಬರೆಯುತ್ತಾರಲ್ಲ, ಅದು. ಅದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಹೆಚ್ಚಿಸಿ, ಮಂಡಿಗೆ ಚುಚ್ಚಿದರು. ಮಣಿ ಎರಡು ವರ್ಷ ಓಡಾಡಿದ. ಮಿಕ್ಕ ಕೋಶಗಳನ್ನು ಮೂರು ಸೀಸೆಗೆ ತುಂಬಿ, ಹೆಪ್ಪುಗಟ್ಟಿಸಿ ಇಟ್ಟರು, ಮುಂದೆ ಬೇಕಾದೀತೆಂದು. ಬೇಕಾಗುವ ಹೊತ್ತಿಗೆ ಮಣಿಯೇ ವಯಸ್ಸಾಗಿ ಹೋಗಿಬಿಟ್ಟ. ಸೀಸೆಗಳು ಉಳಿದವು. ಅಲ್ಲಿನ ಡಾಕ್ಟರಮ್ಮ ಕೇಳಿದ್ದಕ್ಕೆ ನಾಣಿ ಎರಡನ್ನು ನಡೆಯಲಾರದ ಎರಡು ನಾಯಿಗಳಿಗೆ ಒಪ್ಪಿಕೊಂಡು ಕೊಟ್ಟ. ಮೂರನೆಯದು ಕೊನೆಯದು, ಅದನ್ನೂ ಕೊಟ್ಟರೆ ಮಣಿಯೇ ಉಳಿಯುವುದಿಲ್ಲ ಅನ್ನುತ್ತಾನಂತೆ.

'ಒಂದು ಮಾತು ಅಕ್ಕ. ಅವ್ರ ಮುಂದೆ ಮಣಿ ಸತ್ತೋದ ಅನ್ಬೇಡ' ಅಂದಳು ದಾವ್.

ಮೊದಲ ಸಂಜೆ

ನಾಣಿ ಬಾಗಿಲಲ್ಲಿ ನಿಂತಿದ್ದ. ಇಳಿದುಹೋಗಿದ್ದ, ಅಂಗಿ ಹ್ಯಾಂಗರಿಗೆ ಹಾಕಿದಂತೆ ತೂಗುತ್ತಿತ್ತು. ನನ್ನ ಕಾಲು ಮುಟ್ಟಿ, ಎದ್ದು, 'ಸುಣ್ಣ ತಂದ್ಯಾ?' ಅಂದ. ಹೇಗಿದ್ದೀಯ ಎಂದೂ ಕೇಳಲಿಲ್ಲ. ಮಿಲ್ಲಿಗೆ ಹೋಗುವುದು ಬಿಟ್ಟು ತಿಂಗಳಾಗಿತ್ತು. ಮೂಲೆಯಲ್ಲಿ ಮಣಿಯ ತಟ್ಟೆ ತೊಳೆದು ಬೋರಲು ಹಾಕಿತ್ತು, ಒದ್ದೆಯಾಗಿತ್ತು.

ಕಾಫಿ ಕುಡಿಯುವ ಹೊತ್ತಿಗೆ ಒಂದು ಪೊಟ್ಟಣ ತೆಗೆದುಕೊಂಡು ಹೊರಟುಹೋದ. ಸ್ವಲ್ಪ ಹೊತ್ತು ಬಿಟ್ಟು ನಾನೂ ಬೀದಿ ನೋಡೋಣವೆಂದು ಹೊರಬಿದ್ದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ಬೀದಿಯ ಕೊನೆಗೆ ಒಂದು ಔಷಧಿ ಅಂಗಡಿ. ಅದರ ಮುಂದೆ ಸಿಮೆಂಟಿನ ಮೇಲೆ ಬಿಳಿ ಗೆರೆ ಇತ್ತು. ಅಂಗೈ ಅಗಲ. ಎರಡು ಕೊನೆಯಲ್ಲೂ ಬೆರಳಿನಿಂದ ಎಳೆದ ಸಣ್ಣ ಕೊಂಡಿ. ಆ ಕೊಂಡಿ ಹಾಕುವುದು ನಮ್ಮ ಅತ್ತೆಯಿಂದ ನನಗೆ ಬಂದದ್ದು, ನನ್ನಿಂದ ನಾಣಿಗೆ ಬಂದದ್ದು.

ಗೆರೆಯ ಆಚೆ ಒಂದು ಕಂದು ನಾಯಿ ಕೂತಿತ್ತು. ದಪ್ಪಗೆ, ಜೋಲು ಕಿವಿ. ಮಣಿಯ ಹೋಲಿಕೆ ಒಂದು ಕೂದಲಿನಷ್ಟೂ ಇಲ್ಲ. ಬಲಗಾಲ ಮೇಲೆ ಎಡಗಾಲು ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು.

ನನ್ನ ಬಾಯಿ ನನ್ನನ್ನು ಕೇಳದೆ 'ದಾ ಮಣಿ' ಅಂದಿತು.

ನಾಯಿ ಎದ್ದಿತು. ಬಾಲ ಆಡಿಸುತ್ತಾ ಬಂದು, ಮೂಗನ್ನು ಗೆರೆಯ ತನಕ ತಂದು, ನಿಂತುಬಿಟ್ಟಿತು. ಮಾರು ದೂರದಲ್ಲಿ ನಾನು. ನನ್ನ ಹತ್ತಿರ ಬರಲು ಅದರ ಮೈಯೆಲ್ಲ ಹೊರಳುತ್ತಿತ್ತು, ಆದರೆ ಕಾಲು ಮಾತ್ರ ಗೆರೆ ಮುಟ್ಟಲಿಲ್ಲ. ಥಾಯ್ಲೆಂಡಿನ ಔಷಧಿ ಅಂಗಡಿಯ ನಾಯಿಗೆ ತೆಲುಗು ಹೇಗೆ ಬಂತು?

'ನೋಡ್ದ್ಯಾ ಅಕ್ಕ?' ನಾಣಿ ಅಂಗಡಿಯ ಬದಿಯಿಂದ ಬಂದ. ಕೈಯೆಲ್ಲ ಸುಣ್ಣ. 'ಗುರ್ತು ಹಿಡಿದ್ನಾ ಇಲ್ವಾ ನಿನ್ನ? ಇನ್ನೊಂದು ಸೀಸೆ ಹಾಕಿದ್ದು ಬೌದ್ಧರ ಗುಡೀತಾವ ಐತೆ. ಬಾ ತೋರುಸ್ತೀನಿ.'

ಗುಡಿಯ ನಾಯಿ ಬಿಳಿ, ಬಡಕಲು. ಅದೂ ಹಾಗೆಯೇ ಕೂತಿತ್ತು. ಅದರ ಮುಂದೆಯೂ ಗೆರೆ ಇತ್ತು, ನನ್ನ ಮನೆಯ ಸುಣ್ಣದಲ್ಲೇ. ಕಾವಿ ಉಟ್ಟ ವಯಸ್ಸಾದ ಭಿಕ್ಷುವೊಬ್ಬರು ಪೊರಕೆ ಹಿಡಿದು ಎಲೆ ಗುಡಿಸುತ್ತಾ ಗೆರೆಯನ್ನು ಮಾತ್ರ ಬಿಟ್ಟು ಸುತ್ತು ಹೋದರು.

ಪ್ರಾಣಿಗಳ ಆಸ್ಪತ್ರೆ

ಮೂರನೆಯ ದಿನ ದಾವ್ ಜೊತೆ ನಾಣಿಯ ಹಿಂದೆಯೇ ಆಸ್ಪತ್ರೆಗೆ ಹೋದೆ. ನಮ್ಮ ಕಡೆಯ ದನದ ಆಸ್ಪತ್ರೆ ನೋಡಿದವರಿಗೆ ಇದು ಮದುವೆ ಛತ್ರದಂತೆ ಕಾಣುತ್ತದೆ. ಬೆಕ್ಕುಗಳಿಗೆ ಬೇರೆ ಕೋಣೆ, ನಾಯಿಗಳಿಗೆ ಬೇರೆ ಕೋಣೆ, ಮೂತ್ರಪಿಂಡ ಕೆಟ್ಟ ಬೆಕ್ಕೊಂದು ಗ್ಲೂಕೋಸ್ ಏರಿಸಿಕೊಂಡು ದೊಡ್ಡ ಮನೆಯ ಯಜಮಾನಿಯ ಹಾಗೆ ಮಲಗಿತ್ತು. ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಒಳಗೆ ಒಂದು ಬಾಗಿಲು, ಅದರ ಮುಂದೆ ಕಾಲು ಒರೆಸುವ ಔಷಧಿಯ ಚಾಪೆ. ನಾನು ಚಪ್ಪಲಿ ಬಿಟ್ಟು, ನಲ್ಲಿ ಹುಡುಕಿ ಕಾಲು ತೊಳೆದು, ಕೈ ತೊಳೆದು, ಸೆರಗು ಸಿಕ್ಕಿಸಿ ಬಂದು ನಿಂತೆ. ಡಾಕ್ಟರಮ್ಮ ನೋಡಿ ದಾವ್ ಹತ್ತಿರ ಏನೋ ಅಂದಳು. 'ಇಲ್ಲಿಗೆ ಬರೋರ್ಗೆಲ್ಲ ಹೇಳಿ ಹೇಳಿ ಸಾಕಾಗೈತಂತೆ. ಹೇಳ್ದೆ ಮಾಡ್ದೋಳು ನೀನೊಬ್ಳೇ ಅಂತೆ' ಎಂದು ದಾವ್ ತಿಳಿಸಿದಳು. ಹುಳ ಸಾಕುವವಳಿಗೆ ಅದನ್ನು ಹೇಳಿಕೊಡಬೇಕೇ!

ಒಳಗಿನ ಬಿಸಿ ನನ್ನ ಚಾಕಿ ಕೋಣೆಯದಕ್ಕಿಂತ ಸ್ವಲ್ಪ ಹೆಚ್ಚು, ವಾಸನೆ ಏನೂ ಇಲ್ಲ. ಡಾಕ್ಟರಮ್ಮ ಪರದೆಯ ಮೇಲೆ ಯಾವುದೋ ನಾಯಿಯ ಕೋಶಗಳನ್ನು ತೋರಿಸಿದಳು. ಉದ್ದುದ್ದ, ಎರಡು ತುದಿಯೂ ಚೂಪು, ಆಗತಾನೆ ಮೊಟ್ಟೆಯೊಡೆದು ಬಂದ ಹುಳದಷ್ಟು ಸಣಕಲಾಗಿ ಒಂದಕ್ಕೊಂದು ಒರಗಿಕೊಂಡಿದ್ದವು. ಗಂಟೆಗಟ್ಟಲೆ ತೆಗೆದ ಚಿತ್ರವನ್ನು ಬೇಗ ಓಡಿಸಿದಾಗ ಅವು ತೆವಳಿದವು. ಒಂದು ನಡುವಿನಲ್ಲಿ ಸಣ್ಣಗಾಗಿ, ಎರಡಾಗಿ, ಬೇರೆಯಾಗಿ ಹೋಯಿತು. 'ಈ ನಾಯಿ ಎಲ್ಲಿದೆ?' ಎಂದು ದಾವ್ ಕೈಲಿ ಕೇಳಿಸಿದೆ. ಹೋದ ವರ್ಷ ತೀರಿಕೊಂಡಿತು ಎಂದಳು. ಪರದೆಯ ಮೇಲೆ ಅದು ಇನ್ನೊಮ್ಮೆ ಎರಡಾಯಿತು. ನಾನು ಮುಖ ತಿರುಗಿಸಿಕೊಂಡೆ.

ನಾಣಿ ಪಕ್ಕದ ಕೋಣೆಯಲ್ಲಿದ್ದ. ಅಲ್ಲಿ ಹಾಲಿನ ಕ್ಯಾನಿನಂಥ ಉಕ್ಕಿನ ಪಾತ್ರೆಗಳು ಸಾಲಾಗಿ ನಿಂತಿದ್ದವು. ಇವನು ಒಂದರ ಪಕ್ಕ ಸ್ಟೂಲು ಹಾಕಿಕೊಂಡು, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ದಿನಾ ಬಂದು ಹೀಗೆ ಒಂದು ಗಂಟೆ ಕೂರುತ್ತಾನಂತೆ. ನರ್ಸೊಬ್ಬಳು ಅವನಿಗೆಂದೇ ಚಹಾ ತಂದಿಟ್ಟು ಹೋದಳು. ಆಸ್ಪತ್ರೆಗೆ ಬಂದ ನೆಂಟರಿಗೆ ಕೊಡುವ ಹಾಗೆ.

ಆ ಪಾತ್ರೆ ನನಗೆ ಹೊಸದಲ್ಲ. ನಮ್ಮ ಹಸುಗಳಿಗೆ ಗರ್ಭ ಕಟ್ಟಿಸುವ ಇಂಜೆಕ್ಷನ್ ಹಾಕಲು ಚಿಂತಾಮಣಿ ಕಡೆಯಿಂದ ಬರುವವರು ಬೈಕಿನ ಮೇಲೆ ಅಂಥದ್ದೇ ಡಬ್ಬಿ ತರುತ್ತಾರೆ, ಮುಚ್ಚಳ ತೆಗೆದರೆ ಹೊಗೆ ಬರುತ್ತದೆ.

'ಲೋ ನಾಣಿ, ನಮ್ಮ ಗೌರಿ ಹಸುಗೆ ಹಾಕಿದ್ದು ಯಾವುದೋ ಸತ್ತೋದ ಹೋರೀದು ಅಂತ ಅವ್ರೇ ಹೇಳಿದ್ರು. ಕರ ಹುಟ್ದಾಗ ಯಾರಾನ ಆ ಹೋರಿ ಹೆಸ್ರು ಹಿಡಿದು ಕರೆದ್ರೇನೋ?' ಅಂದೆ.

'ನೀವ್ಯಾರೂ ಕರೆದು ನೋಡ್ಲಿಲ್ಲ' ಅಂದ ನಾಣಿ.

ಹೊರಬಂದ ಮೇಲೆ ಡಾಕ್ಟರಮ್ಮನನ್ನು ನೇರವಾಗಿ ಕೇಳಿಸಿದೆ: ಈ ಕೋಶದ ಜೊತೆ ಮಣಿಯ ಬುದ್ಧಿ, ಅಭ್ಯಾಸ ಹೋಗುತ್ತದೆಯೇ? ಇಲ್ಲ ಎಂದಳು. ಚುಚ್ಚಿದ ಕೋಶಗಳು ಹೊಸ ಕಾಲಾಗುವುದಿಲ್ಲ, ಅಲ್ಲೇ ಮನೆ ಕಟ್ಟಿಕೊಂಡು ಕೂರುವುದೂ ಇಲ್ಲ. ಊತ ಇಳಿಸಲು, ಗಾಯ ಮಾಯಿಸಲು ಮೈಗೆ ಸುದ್ದಿ ಮುಟ್ಟಿಸಿ, ಕೆಲವು ವಾರದಲ್ಲಿ ತಾವೇ ಇಲ್ಲವಾಗುತ್ತವೆ. ಕೆಲವು ನಾಯಿಗಳಿಗೆ ಗುಣವಾಗುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ, ಮಾತು ಕೊಡಲಾರೆ. ದಾವ್‌ಳ ಅಮ್ಮನ ನಾಯಿಗೆ ಬೇರೆ ನಾಯಿಯ ಕೋಶ ಹಾಕಬಹುದಿತ್ತು, ಆದರೆ ಸದ್ಯ ದಾಸ್ತಾನಿಲ್ಲ, ಬೆಳೆಸಲು ತಿಂಗಳುಗಳು ಬೇಕು. ಅದರ ಸೊಂಟಕ್ಕೆ ಅಷ್ಟು ದಿನ ಇಲ್ಲ. ನಿಮ್ಮ ತಮ್ಮನ ಸಹಿ ಇಲ್ಲದೆ ಆ ಸೀಸೆ ಮುಟ್ಟುವಂತಿಲ್ಲ.

ಹಾಗಾದರೆ ಆ ಎರಡು ನಾಯಿಗಳು? ಅವಳು ಭುಜ ಕುಣಿಸಿದಳು.

ಔಷಧಿ ಅಂಗಡಿ

ಉತ್ತರ ಹೇಳಿದವನು ಔಷಧಿ ಅಂಗಡಿಯವನು. ನಾಣಿ ಆಸ್ಪತ್ರೆಯಲ್ಲಿದ್ದ ಹೊತ್ತು ನೋಡಿ ದಾವ್ ಜೊತೆ ಹೋಗಿ ಕೂತೆ. ಅವನು ಊಟ ಆಯ್ತೇ ಎಂದು ಮೊದಲು ಕೇಳಿದ. ಅಲ್ಲಿಯೂ ಎಲ್ಲರೂ ಅದನ್ನೇ ಮೊದಲು ಕೇಳುವುದು. ಆ ಒಂದು ವಿಷಯಕ್ಕೆ ನನಗೆ ಅವರ ಮೇಲೆ ಮಮತೆ ಹುಟ್ಟಿತು.

ನಾಯಿಗೆ ಕಾಲು ಬಂದ ಮೇಲೆ ನಿಮ್ಮ ತಮ್ಮ ದಿನಾ ಸಂಜೆ ಬರುತ್ತಿದ್ದ, ಮೂರು ತಿಂಗಳು ಬಿಡದೆ ಬಂದ ಎಂದ ಅಂಗಡಿಯವನು. ಬಿಳಿ ಪುಡಿಯಲ್ಲಿ ಗೆರೆ ಎಳೆಯುವನು, ಹುರಿದ ಮೀನಿನ ಚೂರು ಹಿಡಿದು ಕರೆಯುವನು. ಗೆರೆಗೆ ಕಾಲಿಟ್ಟರೆ ಮೀನಿಲ್ಲ. ಗೆರೆಯ ಹತ್ತಿರ ನಿಂತರೆ ಮೀನು. ಗುಡಿಯಲ್ಲೂ ಹಾಗೆಯೇ. ಪಾಪ, ದುಃಖದಲ್ಲಿರುವ ಮನುಷ್ಯ, ನಾಯಿಗೂ ಮೀನು ಸಿಗುತ್ತದೆ, ಬೇಡ ಎನ್ನಲು ಆಗಲಿಲ್ಲ ಎಂದ.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಭೂತವೂ ಇಲ್ಲ, ಏನೂ ಇಲ್ಲ. ಆದರೆ ಎದ್ದು ಬರುವಾಗ ಅವನು ಇನ್ನೊಂದು ಮಾತು ಸೇರಿಸಿದ. ಕಾಲ ಮೇಲೆ ಕಾಲು ಹಾಕಿಕೊಳ್ಳುವುದನ್ನು ಮಾತ್ರ ನಿಮ್ಮ ತಮ್ಮ ಕಲಿಸಲಿಲ್ಲ, ಅದು ತಾನಾಗಿಯೇ ಶುರು ಮಾಡಿತು ಎಂದ. ಇಳಿದ ಕಲ್ಲು ಅರ್ಧ ವಾಪಸ್ಸು ಬಂತು.

ಸಂಜೆ ನಾಣಿಯನ್ನು ಹಿಡಿದೆ. 'ಮೀನಿನ ಆಸೆಗೆ ನಿಂತ್ಕೊಳ್ಳೋ ನಾಯೀನ ತೋರ್ಸಿ ನನ್ನ ಬೆದ್ರಿಸ್ದೆಯಲ್ಲೋ! ನೀನೇ ಕಲ್ಸಿ ನೀನೇ ನಂಬ್ತೀಯಾ?'

ಅವನಿಗೆ ಸಿಟ್ಟು ಬರಲಿಲ್ಲ. ಮೆತ್ತಗೆ ಅಂದ: 'ನಾನೇನೂ ಕಲ್ಸಿಲ್ಲ ಅಕ್ಕ. ಜ್ಞಾಪಿಸ್ದೆ ಅಷ್ಟೆ.'

ಹುಚ್ಚರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಇಷ್ಟು ಮೆತ್ತಗೆ ಮಾತಾಡುತ್ತಾರೆ ಎಂದು ಗೊತ್ತಿರಲಿಲ್ಲ.

ಅತ್ತೆಯ ಮನೆ

ದಾವ್‌ಳ ಅಮ್ಮ, ಅಂದರೆ ನಾಣಿಯ ಅತ್ತೆ, ಇರುವುದು ಪಕ್ಕದ ಹಳ್ಳಿಯಲ್ಲಿ. ಒಂದು ದಿನ ಮೂವರೂ ಹೋದೆವು. ಕಂಬಗಳ ಮೇಲೆ ಮನೆ, ಕೆಳಗೆ ನೆರಳಿನಲ್ಲಿ ಮಗ್ಗ, ನೂಲು ಬಿಚ್ಚುವ ಮಡಕೆ. ಮುದುಕಿ ಬಿಸಿನೀರಿನಿಂದ ಗೂಡಿನ ಎಳೆ ಎತ್ತುತ್ತಾ, ಮಿಕ್ಕ ಹುಳವನ್ನು ಬಾಯಿಗೆ ಹಾಕಿಕೊಳ್ಳುತ್ತಾ, ನನಗೂ ಒಂದು ಹಿಡಿ ಚಾಚಿದಳು. ನಾನು ಕೈಮುಗಿದೆ. ಭಾಷೆ ಇಲ್ಲದಿದ್ದರೂ ನಮ್ಮಿಬ್ಬರಿಗೆ ಮಾತು ಕೂಡಿತು. ಅವಳ ಎಳೆ ದಪ್ಪ, ನಮ್ಮ ಶಿಡ್ಲಘಟ್ಟದಲ್ಲಿ ಹೀಗೆ ತೆಗೆದರೆ ಯಾರೂ ಮೂಸುವುದಿಲ್ಲ ಎಂದು ಸನ್ನೆಯಲ್ಲೇ ಹೇಳಿದೆ. ಅವಳೂ ಏನೋ ತಿರುಗಿಸಿ ಅಂದಳು. ಒಳ್ಳೆಯದಂತೂ ಆಗಿರಲಿಕ್ಕಿಲ್ಲ.

ಅವಳ ನಾಯಿಯ ಹೆಸರು ಮಲಿ. ಮಲ್ಲಿಗೆ ಎಂದೇ ಅರ್ಥವಂತೆ. ಗಿಡ್ಡ ಕಾಲಿನ ಬೂದು ಬಣ್ಣದ ಹೆಣ್ಣು ನಾಯಿ. ನಾವು ಊಟಕ್ಕೆ ಕೂತಾಗ ಮೂಲೆಯಿಂದ ಬಂತು. ಮುಂದಿನ ಎರಡು ಕಾಲಿನಿಂದ ಮೈಯನ್ನು ಎಳೆದುಕೊಂಡು, ಹಿಂದಿನ ಕಾಲು ಒದ್ದೆ ಬಟ್ಟೆಯ ಹಾಗೆ ಹಿಂದೆ ಬರುತ್ತಿತ್ತು. ನಾಣಿಯ ಪಾದದ ಹತ್ತಿರ ಬಂದು ಗದ್ದ ಇಟ್ಟು ಮಲಗಿತು. ಅವನು ಕೆಳಗೆ ನೋಡಲಿಲ್ಲ. ದಾವ್ ತಟ್ಟೆ ಬಿಟ್ಟು ಎದ್ದುಹೋದಳು. ಮೇಲಿನ ಕೋಣೆಯಲ್ಲಿ ಅವಳ ಬಟ್ಟೆಯ ಚೀಲ ಆಗಲೇ ತಂದಿಟ್ಟಿರುವುದನ್ನು ನಾನು ನೋಡಿದ್ದೆ.

ನನಗೆ ಬೈಯುವುದು ಸಾಕಾಗಿತ್ತು. ಅವನ ಪಕ್ಕ ಕೂತು ಗೊತ್ತಿದ್ದ ಒಂದೇ ವಿಷಯ ಹೇಳಿದೆ.

'ನಾಣಿ, ಜ್ವರಕ್ಕೆ ಕೂತ ಹುಳ ಏನ್ಮಾಡ್ಬೇಕು?'

'ಏಳ್ಬೇಕು.'

'ಏಳ್ದಿದ್ರೆ?'

ನನ್ನ ಮನೆಯಲ್ಲಿ ವರ್ಷಗಟ್ಟಲೆ ತಟ್ಟೆ ಹಿಡಿದವನು, ಅವನಿಗೆ ಗೊತ್ತು. ಏಳದ ಹುಳ ಅಲ್ಲೇ ಒಣಗುತ್ತದೆ.

'ಆ ಸೀಸೇಲಿರೋದ್ನ ಜ್ವರಕ್ಕೆ ಕೂರ್ಸಿಟ್ಟಿದ್ದೀಯ. ನೀನೂ ಅದರ ಜೊತೇಲೇ ಕೂತ್ಬಿಟ್ಟಿದ್ದೀಯ. ಅದ್ನ ಎಬ್ಬಿಸಪ್ಪ.'

ಅವನು ಕೆಳಗೆ ಕೈ ಬಿಟ್ಟು ಮಲಿಯ ಕಿವಿ ಮುಟ್ಟಿದ. 'ಕೊಡ್ತೀನಿ ಅಕ್ಕ. ಆದ್ರೆ ಇವ್ಳು ಎದ್ದು ಓಡಾಡೋ ದಿನ ಒಂದು ಗೆರೆ ಹಾಕ್ತೀನಿ. ಒಂದೇ ಸಲ. ಮಣಿ ಇದ್ರೆ ನಿಂತ್ಕೋತಾನೆ. ನಿಂತ್ರೆ ನನ್ನ ಯಾರೂ ಏನೂ ಅನ್ಬಾರ್ದು.'

'ಆಯ್ತು. ಅಲ್ಲೀವರ್ಗೂ ನೀನು ಇವ್ಳ ಹತ್ರ ಸುಳೀಬಾರ್ದು. ಒಂದು ಚೂರು ಮೀನೂ ಕೊಡ್ಕೂಡ್ದು. ಅಮ್ಮನ ಮೇಲೆ ಆಣೆ ಮಾಡು.'

ಆಣೆ ಮಾಡಿದ. ಮಾಡಿಸಿಕೊಂಡ ಮೇಲೆ ನನಗೆ ಹೊಳೆಯಿತು. ನಾಯಿ ಯಾವುದೋ ಕಾರಣಕ್ಕೆ, ಸುಮ್ಮನೆ, ನಿಂತುಬಿಟ್ಟರೆ? ಆಮೇಲೆ ಇವನನ್ನು ಯಾವ ದೇವರೂ ಆ ಗೆರೆಯಿಂದ ಎಬ್ಬಿಸಲಾರರು. ದಾವ್ ಚೀಲ ಬಿಚ್ಚಲಿಲ್ಲ.

ಐದು ವಾರ

ಆ ಶುಕ್ರವಾರ ಆಸ್ಪತ್ರೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದರು. ಹೊಗೆ ಹೊರಗೆ ಉಕ್ಕಿ ನಮ್ಮೆಲ್ಲರ ಪಾದದ ಮೇಲೆ ಹರಿಯಿತು. ನನ್ನ ಕಿರುಬೆರಳಿನಷ್ಟು ಸೀಸೆ. ನಾಣಿ ಅದನ್ನು ನೋಡಲು ಮಾತ್ರ ಕೇಳಿದ, ಮುಟ್ಟಲು ಕೇಳಲಿಲ್ಲ. ಕೋಶಗಳನ್ನು ಎಬ್ಬಿಸಿ, ಸರಿಯಾಗಿವೆಯೇ ಎಂದು ನೋಡಿ, ಕೆಲವು ದಿನ ಬೆಳೆಸಿ ಮಲಿಯ ಸೊಂಟದ ಕೀಲುಗಳಿಗೆ ಚುಚ್ಚಿದರು.

ಮುಂದಿನ ವಾರಗಳಲ್ಲಿ ನಾನು ನಾಣಿಯ ಅತ್ತೆಯ ಮನೆಯಲ್ಲೇ ಉಳಿದೆ, ಕಾವಲಿಗೆ. ನಾಣಿ ಮಾತು ಉಳಿಸಿಕೊಂಡ. ಎರಡನೇ ವಾರವೂ ಏನೂ ಇಲ್ಲ. ಮೂರನೇ ವಾರದಲ್ಲಿ ಮಲಿಯ ಬಾಲ ಆಡಿತು. ನಾಲ್ಕನೆಯದರಲ್ಲಿ ಕಂಬಕ್ಕೆ ಒರಗಿಕೊಂಡು ಎದ್ದು ನಿಂತಳು, ಬಿದ್ದಳು, ಮತ್ತೆ ಎದ್ದಳು. ಮುದುಕಿ ಕಂಬದ ಮೇಲಿನ ಪುಟ್ಟ ಮನೆಗೆ ಹೊಸ ಸೋಡಾ ಇಟ್ಟಳು. ನಾನೂ ಕೈಮುಗಿದೆ. ಯಾವ ದೇವರೋ ಏನೋ, ಕೆಲಸವಾದರೆ ಸರಿ.

ಒಂದು ಮಧ್ಯಾಹ್ನ ಮಲಿ ಮಲಗಿದ್ದಾಗ ಅವಳ ಎಡಗಾಲು ಬಲಗಾಲ ಮೇಲೆ ಬಂದಿತ್ತು. ನಾನು ಹೋಗಿ ಬಿಡಿಸಿ ಇಟ್ಟೆ. ಯಾರಿಗೂ ಹೇಳಲಿಲ್ಲ.

ಐದನೆಯ ವಾರ, ಗೆರೆಯ ದಿನ, ನಾಣಿ ಬೈಕಿಗೆ ಕೂಡಿಸಿದ ಪಕ್ಕದ ಗಾಡಿಯಲ್ಲಿ ಔಷಧಿ ಅಂಗಡಿಯ ನಾಯಿಯನ್ನೂ ಗುಡಿಯ ನಾಯಿಯನ್ನೂ ಕೂರಿಸಿಕೊಂಡು ಬಂದ. ಸಾಕ್ಷಿಗೆ ಅಂದ. ನನ್ನ ಕೊನೆಯ ಪೊಟ್ಟಣ ಒಡೆದು ಅಂಗಳದಲ್ಲಿ ಗೆರೆ ಎಳೆದ, ತುದಿಗೆ ಕೊಂಡಿ ಹಾಕಿದ. ಮೂರು ನಾಯಿಗಳು ಆಚೆ, ನಾವು ನಾಲ್ವರು ಈಚೆ. ಬೆಳಗಿನ ಬಿಸಿಲು ಚೆನ್ನಾಗಿ ಬಂದಿತ್ತು.

'ದಾ ಮಣಿ' ಎಂದು ಕರೆದ.

ಕಂದು ನಾಯಿ ಎದ್ದು ಬಂದು ಗೆರೆಗೆ ನಿಂತಿತು. ಬಿಳಿ ನಾಯಿ ಎದ್ದು ಬಂದು ಅದರ ಪಕ್ಕ ನಿಂತಿತು. ಮಲಿ ಎದ್ದಳು. ಹಿಂದಿನ ಕಾಲುಗಳು ನಡುಗುತ್ತಿದ್ದವು. ಹೆಜ್ಜೆ ಹೆಜ್ಜೆಗೆ ಒಂದು ಬದಿಗೆ ವಾಲುತ್ತಾ ಬಂದು, ಮೂಗು ಬಗ್ಗಿಸಿ, ಗೆರೆ ಮೂಸಿ, ನಿಂತಳು.

ದಾವ್ ನನ್ನ ಕೈ ಹಿಡಿದುಕೊಂಡಳು. ನಾನು ಸುಳ್ಳು ಹೇಳುವುದಿಲ್ಲ. ಆ ಗಳಿಗೆಯಲ್ಲಿ ನನ್ನೊಳಗೆ ಯಾರೋ 'ನಿಂತ್ಕೋ ಮಣಿ' ಅಂದರು. ಅವನು ನನ್ನ ಮನೆಯ ಹಿತ್ತಲಲ್ಲಿ ಹುಟ್ಟಿದವನು.

ಸುಣ್ಣದ ಘಾಟಿಗೆ ಮಲಿ ಸೀನಿದಳು. ಮುಂಗಾಲು ಗೆರೆಯ ಮೇಲಿಟ್ಟಳು. ಇನ್ನೊಂದು ಮುಂಗಾಲು. ಹಿಂದಿನದು ಒಂದು. ಅದು ಜಾರಿತು, ಮತ್ತೆ ಊರಿದಳು. ಕೊನೆಯದು. ದಾಟಿ, ನಾಣಿಯ ಪಕ್ಕದಿಂದಲೇ ಅವನ ಕಡೆ ನೋಡದೆ ಹೋಗಿ, ಮುದುಕಿಯ ಸೀರೆಯಂಥ ಬಟ್ಟೆಗೆ ಮೂಗು ತುರುಕಿದಳು. ಅವಳ ಹಿಂದೆ ಅಂಗಳದಲ್ಲಿ ನಾಲ್ಕು ಕಾಲಿನ ಬಿಳಿ ಹೆಜ್ಜೆ ಮೂಡಿದ್ದವು. ಎಳೆದ ಗುರುತಲ್ಲ, ಊರಿದ ಹೆಜ್ಜೆ.

ನಾಣಿ ಆ ಹೆಜ್ಜೆಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಬರಿಗಾಲಿನಿಂದ ಗೆರೆಯನ್ನು ಉದ್ದಕ್ಕೂ ಒರೆಸಿಬಿಟ್ಟ. 'ದಾ, ದಾ' ಎಂದು ಮಿಕ್ಕ ಎರಡನ್ನು ಕರೆದ.

ಅವು ಬರಲಿಲ್ಲ. ಗೆರೆ ಇರಲಿಲ್ಲ, ಆದರೂ ಗೆರೆ ಇದ್ದ ಜಾಗಕ್ಕೆ ಮೂಗು ಹಿಡಿದು ನಿಂತಿದ್ದವು. ನಾಣಿ ಮೊಣಕಾಲೂರಿ 'ತಪ್ಪಾಯ್ತು ಕಣ್ರೋ' ಅಂದ. ಒಂದನ್ನು ಎರಡು ಕೈಯಲ್ಲಿ ಎತ್ತಿ ಈಚೆ ಇಟ್ಟ. ಇನ್ನೊಂದನ್ನೂ ಎತ್ತಿ ಇಟ್ಟ. ಜ್ವರದಿಂದೆದ್ದ ಹುಳವನ್ನು ಹೊಸ ತಟ್ಟೆಗೆ ಬಿಡುವ ಹಾಗೆ, ನೋಯದಂತೆ.

ಆ ದಿನ ದಾವ್ ಮೇಲೆ ಹೋಗಿ ಚೀಲ ತಂದು ಬೈಕಿಗೆ ಕಟ್ಟಿದಳು. ಗಂಡನ ಮನೆಗೆ.

ಸುವರ್ಣಭೂಮಿ, ಹೊರಡುವ ಗಳಿಗೆ

ನಾಣಿ ಈ ಸಲ ಬ್ಯಾಂಕಾಕಿನವರೆಗೂ ಬಂದ. ನಿಲ್ದಾಣದಲ್ಲಿ ದಾವ್ ನೀರು ತರಲು ಹೋದಾಗ ನಾವಿಬ್ಬರೇ ಕುರ್ಚಿಯಲ್ಲಿ ಕೂತಿದ್ದೆವು. ಸೋಮವಾರದಿಂದ ಮಿಲ್ಲಿಗೆ ಹೋಗುತ್ತೇನೆ ಎಂದ. ಊರಿನ ಹಿಪ್ಪುನೇರಳೆ ತೋಟದ ವಿಷಯ ಕೇಳಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. ಅವನ ಕೈಯಲ್ಲಿ ಸುಣ್ಣ ಇರಲಿಲ್ಲ.

'ಅಕ್ಕ.'

'ಏನೋ?'

'ಮಣಿ ತೀರ್ಕೊಂಡ ಅಕ್ಕ.'

ನಮ್ಮಮ್ಮ ಹೇಳಿಕೊಟ್ಟದ್ದು ನೆನಪಾಯಿತು. ಆಗತಾನೆ ಕೇಳಿದವಳ ಹಾಗೆ ಅವನ ಕಡೆ ತಿರುಗಿ ಕೂತೆ.

'ಅಯ್ಯೋ! ಯಾವಾಗಪ್ಪಾ?' ಅಂದೆ.

ಅವನು ಕಣ್ಣೊರೆಸಿಕೊಂಡು ಮೊದಲಿನಿಂದ ಹೇಳಲು ಶುರು ಮಾಡಿದ.